ಕಾರ್ಡೇಟಾ ಲ್ಯಾಬ್ ಸೆಟ್ ಕೊಳ್ಳುವ ಮುನ್ನ: ಬಾಟಲಿ ಎಣಿಸಬೇಡಿ, ಸ್ಲೈಡ್ ನೋಡಿ

ಪ್ರಾಣಿಶಾಸ್ತ್ರದ ಲ್ಯಾಬ್‌ಗೆಂದು ಮಾರುವ ಕಾರ್ಡೇಟಾ (ಬೆನ್ನುಮೂಳೆಯ ಪ್ರಾಣಿಗಳೂ ಅವುಗಳ ಹತ್ತಿರದ ನೆಂಟರೂ ಸೇರಿದ ವಂಶ) ಸೆಟ್‌ಗಳ ಹೆಸರು ಬೇರೆಬೇರೆ ಇದ್ದರೂ ಒಳಗಿನ ಸಾಮಾನು ಬಹುಮಟ್ಟಿಗೆ ಒಂದೇ. ಒಂದು ಪೆಟ್ಟಿಗೆ ಸ್ಲೈಡ್, ದ್ರವದಲ್ಲಿಟ್ಟ ಒಂದಷ್ಟು ಬಾಟಲಿ ಸ್ಪೆಸಿಮನ್, ಪಾರದರ್ಶಕ ರೆಸಿನ್‌ನಲ್ಲಿ ಹುದುಗಿಸಿದ ಕೆಲವು ಬ್ಲಾಕ್, ಬಿಡಿ ಬೆನ್ನುಮೂಳೆಗಳು, ಜೊತೆಗೆ ಗೋಡೆಗೆ ತೂಗುಹಾಕುವ ವರ್ಗೀಕರಣದ ಚಾರ್ಟ್. ಕಪಾಟಿನಲ್ಲಿ ಜೋಡಿಸಿದರೆ ಕಣ್ಣಿಗೆ ತುಂಬ ಚೆನ್ನಾಗಿ ಕಾಣುತ್ತದೆ. ಆದರೆ ಈ ಸೆಟ್ ಮುಂದಿಟ್ಟುಕೊಂಡು ವಿದ್ಯಾರ್ಥಿಗೆ "ಈ ಪ್ರಾಣಿ ಕಾರ್ಡೇಟ್ ಎಂದು ಹೇಗೆ ಗೊತ್ತಾಯಿತು?" ಎಂದು ಕೇಳಿ, ಉತ್ತರವನ್ನು ಬೆರಳಿಟ್ಟು ತೋರಿಸಲು ಹೇಳಿ. ಸೆಟ್ ಒಳ್ಳೆಯದೋ ಅಲ್ಲವೋ ಎನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಬಹುಪಾಲು ಸೆಟ್‌ಗಳಲ್ಲಿ ಹಾಗೆ ತೋರಿಸಲು ಸಿಗುವುದು ಎರಡೋ ಮೂರೋ ಸ್ಲೈಡ್ ಮಾತ್ರ, ಅವೂ ಅವಸರದಲ್ಲಿ ತಯಾರಾದವು.

ಕಾರಣ ಸರಳ. ಕಾರ್ಡೇಟಾ ವಂಶದ ಗುರುತುಗಳು ಐದು: ನೋಟೊಕಾರ್ಡ್ (ಬೆನ್ನುದ್ದಕ್ಕೂ ಮೈಗೆ ಆಸರೆಯಾಗುವ, ಬಾಗುವ ಸರಳು), ಅದರ ಮೇಲೆ ಬೆನ್ನಿನ ಕಡೆ ಹಾಯುವ ಟೊಳ್ಳು ನರಹುರಿ, ಗಂಟಲಕುಳಿಯ ಗೋಡೆಯಲ್ಲಿ ಕಿವಿರು ಸೀಳುಗಳು, ಗಂಟಲಕುಳಿಯ ತಳದಲ್ಲಿ ಎಂಡೋಸ್ಟೈಲ್ (ಆಹಾರ ಹಿಡಿಯುವ ಲೋಳೆ ಸುರಿಸುವ ತೋಡು) ಅಥವಾ ಅದರಿಂದ ಬಂದ ಥೈರಾಯ್ಡ್, ಗುದದ್ವಾರದ ಆಚೆಗೂ ಚಾಚಿದ ಸ್ನಾಯುಭರಿತ ಬಾಲ. ಬೆಳೆದ ಕಶೇರುಕದಲ್ಲಿ ಇವುಗಳಲ್ಲಿ ಹೆಚ್ಚಿನವು ಮರೆಯಾಗಿರುತ್ತವೆ ಇಲ್ಲವೇ ರೂಪ ಬದಲಿಸಿರುತ್ತವೆ. ನೋಟೊಕಾರ್ಡ್ ಇದ್ದ ಜಾಗದಲ್ಲಿ ಬೆನ್ನುಮೂಳೆ ಕೂತಿರುತ್ತದೆ, ನೆಲದ ಮೇಲಿನ ಪ್ರಾಣಿಗಳಲ್ಲಿ ಕಿವಿರು ಸೀಳು ಭ್ರೂಣದ ಹಂತದಲ್ಲೇ ಮುಚ್ಚಿಹೋಗುತ್ತದೆ, ಕಪ್ಪೆಗೆ ಬಾಲವೂ ಉಳಿಯುವುದಿಲ್ಲ. ಹಾಗಾಗಿ ಹಲ್ಲಿ, ಬಾವಲಿ, ಆಮೆಗಳ ಬಾಟಲಿ ಸರೀಸೃಪ, ಸಸ್ತನಿ ಎಂಬಂಥ ವರ್ಗದ ಲಕ್ಷಣವನ್ನು ಹೇಳುತ್ತದೆ. ವಂಶದ ಲಕ್ಷಣ ಕಾಣಬೇಕಾದರೆ ಲಾರ್ವಾ, ಭ್ರೂಣ ಮತ್ತು ಆಂಫಿಯಾಕ್ಸಸ್ (ಬೆನ್ನುಮೂಳೆಯಿಲ್ಲದ, ಮೀನಿನಂಥ ಸಣ್ಣ ಕಡಲಪ್ರಾಣಿ) ಬೇಕು. ಅವೆಲ್ಲ ಇರುವುದು ಸ್ಲೈಡ್ ಪೆಟ್ಟಿಗೆಯಲ್ಲಿ. ಮಾರುವವರು ಮಾತ್ರ ಸೆಟ್‌ನ ದೊಡ್ಡಸ್ತಿಕೆಯನ್ನು ಬಾಟಲಿಗಳ ಲೆಕ್ಕದಲ್ಲಿ ಹೇಳುತ್ತಾರೆ.

ಆಂಫಿಯಾಕ್ಸಸ್ ಸ್ಲೈಡ್: ಇಡೀ ಸೆಟ್‌ನ ಜೀವಾಳ

ಪೀಟರ್ ಸೈಮನ್ ಪಲ್ಲಾಸ್ 1774ರಲ್ಲಿ ಈ ಪ್ರಾಣಿಯನ್ನು ವರ್ಣಿಸಿದಾಗ ಗೊಂಡೆಹುಳುವಿನ ಜಾತಿಗೆ ಸೇರಿಸಿದ್ದರು. ಹೊರಗಿನಿಂದ ನೋಡಿದರೆ ಇದರ ಮಹತ್ವ ಎಷ್ಟು ಕಡಿಮೆ ಗೊತ್ತಾಗುತ್ತದೆ ಎನ್ನುವುದಕ್ಕೆ ಅದೇ ಸಾಕ್ಷಿ. ಬಾಟಲಿಯಲ್ಲಿ ಬರುವ ಐದಾರು ಸೆಂಟಿಮೀಟರಿನ ಬಿಳಿಚಿದ ಆಂಫಿಯಾಕ್ಸಸ್‌ನಲ್ಲಿ ವಿ ಆಕಾರದ ಸ್ನಾಯುಪಟ್ಟಿ, ಹೊಟ್ಟೆಯ ಅಂಚಿನಲ್ಲಿ ಸಾಲಾಗಿರುವ ಜನನಾಂಗಗಳು, ಬಾಯಿಯ ಸುತ್ತಲ ಮೀಸೆಯಂಥ ಎಳೆಗಳು ಕಾಣುತ್ತವೆ, ಅಷ್ಟೆ. ಉಳಿದದ್ದೆಲ್ಲ ಸ್ಲೈಡ್‌ನಲ್ಲಿ.

ಗಂಟಲಕುಳಿಯ ಮೂಲಕ ಹಾಯ್ದ ಅಡ್ಡಛೇದ, ಲ್ಯಾಬ್ ಭಾಷೆಯಲ್ಲಿ ಟಿ.ಎಸ್., ಒಂದೇ ನೋಟದಲ್ಲಿ ಐದರಲ್ಲಿ ನಾಲ್ಕು ಗುರುತು ಕೊಡುತ್ತದೆ. ಮೇಲಿಂದ ಕೆಳಗೆ ಹೀಗೆ ನೋಡುತ್ತ ಬನ್ನಿ. ಬೆನ್ನಿನ ಈಜುರೆಕ್ಕೆ, ಅದರ ಕೆಳಗೆ ನರಹುರಿ, ನರಹುರಿಯ ನಡುವೆ ಸಣ್ಣ ಸೀಳಿನಂಥ ಟೊಳ್ಳು. ಅದರ ಕೆಳಗೆ ನರಹುರಿಗಿಂತ ದೊಡ್ಡದಾದ ಅಂಡಾಕಾರದ ನೋಟೊಕಾರ್ಡ್. ಎರಡೂ ಮಗ್ಗುಲಲ್ಲಿ ಸ್ನಾಯು. ನಡುವೆ ಗಂಟಲಕುಳಿ, ಅದರ ಗೋಡೆ ಒಂದೇ ಗೆರೆಯಾಗಿರದೆ ಸಾಲು ಸಾಲು ತುಂಡುಗಳಾಗಿ ಕಾಣುತ್ತದೆ, ಏಕೆಂದರೆ ಕಿವಿರು ಕಂಬಿಗಳು ಓರೆಯಾಗಿ ಇಳಿಯುವುದರಿಂದ ಒಂದೇ ಛೇದದಲ್ಲಿ ಹಲವು ಕಂಬಿಗಳು ಕತ್ತರಿಸಿಹೋಗುತ್ತವೆ. ತುಂಡುಗಳ ನಡುವಿನ ಸಂದುಗಳೇ ಕಿವಿರು ಸೀಳುಗಳು. ಗಂಟಲಕುಳಿಯ ತಳದ ತಗ್ಗು ಎಂಡೋಸ್ಟೈಲ್. ಇದೆಲ್ಲದರ ಸುತ್ತ ಏಟ್ರಿಯಂ ಎಂಬ ಖಾಲಿ ಕೋಣೆ, ಅದರ ಕೆಳಮೂಲೆಗಳಲ್ಲಿ ಎರಡು ಮಡಿಕೆ.

ಸ್ಲೈಡ್ ಕೆಡುವುದು ಎಲ್ಲಿ? ಮೊದಲನೆಯದು ದಪ್ಪ. 8ರಿಂದ 10 ಮೈಕ್ರಾನ್ ದಪ್ಪದ ಛೇದದಲ್ಲಿ ನರಹುರಿಯ ಟೊಳ್ಳು ಸ್ವಚ್ಛವಾಗಿ ಕಾಣುತ್ತದೆ. 20 ಮೈಕ್ರಾನ್ ದಾಟಿದರೆ ಅದು ಒಂದು ಕಪ್ಪು ಗೆರೆಯಾಗಿ ಉಳಿಯುತ್ತದೆ, "ಟೊಳ್ಳು ನರಹುರಿ" ಎಂದು ಹೇಳುವ ಬಾಯಿಗೆ ತೋರಿಸಲು ಏನೂ ಇರುವುದಿಲ್ಲ. ಎರಡನೆಯದು ಗಂಟಲಕುಳಿಯ ಕುಸಿತ. ಮೇಣದಲ್ಲಿ ಹುದುಗಿಸುವಾಗ ನೀರು ತೆಗೆಯುವ ಕೆಲಸವನ್ನು ಅವಸರದಲ್ಲಿ ಮಾಡಿದರೆ ಕಿವಿರು ಕಂಬಿಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ, ಎಂಡೋಸ್ಟೈಲ್ ಮೂಲೆಗೆ ಸರಿದುಬಿಡುತ್ತದೆ. ಮೂರನೆಯದು ಬಣ್ಣ. ಇಯೊಸಿನ್ ಅತಿಯಾದರೆ ನೋಟೊಕಾರ್ಡ್ ಮತ್ತು ಸ್ನಾಯು ಒಂದೇ ಗುಲಾಬಿ ಮುದ್ದೆಯಾಗುತ್ತವೆ. ಹಿಮಟಾಕ್ಸಿಲಿನ್ ಸರಿಯಾಗಿ ಹಿಡಿದಿದ್ದರೆ ಎಂಡೋಸ್ಟೈಲ್‌ನ ಜೀವಕೋಶ ಪಟ್ಟಿಗಳನ್ನು 10x ಆಬ್ಜೆಕ್ಟಿವ್‌ನಲ್ಲೇ ಬೇರೆಬೇರೆಯಾಗಿ ನೋಡಬಹುದು.

ಎಡ-ಬಲದ ಗೊಂದಲ ಈ ಸ್ಲೈಡ್‌ನಲ್ಲಿ ಸದಾ ಇದ್ದದ್ದೇ. ಗಂಟಲಕುಳಿಯ ಪಕ್ಕದಲ್ಲಿ ಇನ್ನೊಂದು ದುಂಡನೆಯ ಕೊಳವೆ ಕಂಡರೆ ಅದು ಕರುಳಿನಿಂದ ಮುಂದಕ್ಕೆ ಚಾಚಿದ ಕುರುಡುಚೀಲ. ಅದು ಇರುವ ಪಕ್ಕವೇ ಪ್ರಾಣಿಯ ಬಲಗಡೆ. ಮೈಕ್ರೊಸ್ಕೋಪು ಬಿಂಬವನ್ನು ತಿರುಗಿಸುತ್ತದೆ, ಛೇದವನ್ನು ಗಾಜಿನ ಮೇಲೆ ಯಾವ ಮುಖ ಮೇಲಾಗಿ ಅಂಟಿಸಿದ್ದಾರೆ ಎಂಬುದೂ ಗೊತ್ತಿರುವುದಿಲ್ಲ. ಆದ್ದರಿಂದ ಕುರುಡುಚೀಲವನ್ನೇ ದಿಕ್ಸೂಚಿಯಾಗಿ ಇಟ್ಟುಕೊಳ್ಳಬೇಕು. ಗಂಡು-ಹೆಣ್ಣು ಪ್ರಶ್ನೆಗೂ ಇದೇ ಸ್ಲೈಡ್ ಸಾಕು: ದೊಡ್ಡ ದೊಡ್ಡ ಜೀವಕೋಶಗಳು ಎದ್ದು ಕಂಡರೆ ಅಂಡಾಶಯ, ನುಣ್ಣಗೆ ಕಾಳುಕಾಳಾಗಿ ಕಡುಬಣ್ಣ ಹಿಡಿದಿದ್ದರೆ ವೃಷಣ.

ಐದನೆಯ ಗುರುತು, ಅಂದರೆ ಗುದದಾಚೆಗಿನ ಬಾಲ, ಈ ಛೇದದಲ್ಲಿ ಸಿಗುವುದಿಲ್ಲ. ಅದಕ್ಕೆ ಬಾಲಭಾಗದ ಟಿ.ಎಸ್. ಬೇಕು. ಅಲ್ಲಿ ನರಹುರಿ ಇದೆ, ನೋಟೊಕಾರ್ಡ್ ಇದೆ, ಸ್ನಾಯು ಇದೆ, ಕರುಳು ಇಲ್ಲ. ಪಾಠ ಅಷ್ಟೇ ಆದರೂ ಅದು ಬಹಳ ದೊಡ್ಡ ಪಾಠ. ಹಲವು ಸೆಟ್‌ಗಳಲ್ಲಿ "ಬಾಲಭಾಗ" ಎಂಬ ಲೇಬಲ್ ಹಚ್ಚಿದ ಸ್ಲೈಡ್‌ನಲ್ಲೂ ನೋಟೊಕಾರ್ಡ್‌ನ ಕೆಳಗೆ ಕರುಳಿನ ಉಂಗುರ ಕಾಣಿಸುತ್ತದೆ. ಅದು ಏಟ್ರಿಯಂ ಮುಗಿದ ಮೇಲಿನ, ಗುದದ್ವಾರಕ್ಕಿಂತ ಮುಂಚಿನ ಛೇದ, ಬಾಲವಲ್ಲ. ಅಂಥದ್ದು ಬಂದರೆ ಹಿಂದಿರುಗಿಸಿ ಗುದದ್ವಾರದ ಹಿಂದಿನ ಛೇದವನ್ನೇ ಕೇಳಿ.

ಇಡೀ ಪ್ರಾಣಿಯ ಹೋಲ್ ಮೌಂಟ್ ವಿಷಯದಲ್ಲಿ ದೊಡ್ಡದು ಒಳ್ಳೆಯದಲ್ಲ. ಪೂರ್ಣ ಬೆಳೆದ ಪ್ರಾಣಿಯ ಮೈದಪ್ಪ ಬೆಳಕನ್ನು ಬಿಡುವುದಿಲ್ಲ, ಜನನಾಂಗಗಳು ಗಂಟಲಕುಳಿಯನ್ನು ಮುಚ್ಚಿಬಿಡುತ್ತವೆ. ಒಂದೆರಡು ಸೆಂಟಿಮೀಟರಿನ ಎಳೆಯ ಪ್ರಾಣಿ, ಬೊರಾಕ್ಸ್ ಕಾರ್ಮಿನ್‌ನಲ್ಲಿ ತೆಳುವಾಗಿ ಬಣ್ಣ ಹಾಕಿದ್ದು, ಸರಿಯಾದ ಆಯ್ಕೆ. ಪರೀಕ್ಷೆ ಒಂದೇ: 4x ಆಬ್ಜೆಕ್ಟಿವ್‌ನಲ್ಲಿ ಮೂತಿಯನ್ನು ನೋಡಿ, ನೋಟೊಕಾರ್ಡ್ ನರಹುರಿಗಿಂತ ಮುಂದೆ, ಮೂತಿಯ ತುದಿಯವರೆಗೂ ಹೋಗಿರುವುದು ಕಾಣಬೇಕು. ಆಂಫಿಯಾಕ್ಸಸ್ ಸೇರಿದ ಉಪವಂಶಕ್ಕೆ ಸೆಫಲೊಕಾರ್ಡೇಟಾ (ತಲೆಯವರೆಗಿನ ಹುರಿ) ಎಂಬ ಹೆಸರು ಬರಲು ಆಧಾರ ಅದೇ. ನರಹುರಿಯುದ್ದಕ್ಕೂ ಕಪ್ಪು ಚುಕ್ಕಿಗಳ ಸಾಲು ಕಂಡರೆ ಅದು ಕೊಳೆಯಲ್ಲ, ಬೆಳಕು ಗ್ರಹಿಸುವ ವರ್ಣದ ಬಟ್ಟಲುಗಳು.

ಹೋಲ್ ಮೌಂಟ್ ಸ್ಲೈಡ್‌ಗಳ ಮೇಲೆ 40x ಆಬ್ಜೆಕ್ಟಿವ್ ತಿರುಗಿಸಲೇಬಾರದು. ಅದಕ್ಕೂ ಸ್ಲೈಡ್‌ಗೂ ನಡುವೆ ಇರುವ ಅಂತರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು, ಮೌಂಟ್‌ನ ದಪ್ಪ ಅದಕ್ಕಿಂತ ಹೆಚ್ಚಿರಬಹುದು. ಕವರ್‌ಸ್ಲಿಪ್ ಒಡೆಯುವುದಲ್ಲದೆ ಲೆನ್ಸ್‌ಗೂ ಗೀರು ಬೀಳುತ್ತದೆ. ತಯಾರಕರು ಕವರ್‌ಸ್ಲಿಪ್ ಅಡಿಯಲ್ಲಿ ಗಾಜಿನ ಚೂರುಗಳ ಆಸರೆ ಕೊಟ್ಟಿದ್ದಾರೆಯೇ ಎಂದು ಸ್ಲೈಡನ್ನು ಓರೆಯಾಗಿ ಹಿಡಿದು ನೋಡಿ. ಆಸರೆ ಇಲ್ಲದಿದ್ದರೆ ಪ್ರಾಣಿ ಚಪ್ಪಟೆಯಾಗಿ, ಗಂಟಲಕುಳಿ ಹಿಸುಕಿಹೋಗಿರುತ್ತದೆ.

ಟ್ಯೂನಿಕೇಟ್‌ಗಳು

1866ರಲ್ಲಿ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಅಸಿಡಿಯನ್ (ಕಡಲತಳಕ್ಕೆ ಅಂಟಿ ಬದುಕುವ ಟ್ಯೂನಿಕೇಟ್) ಲಾರ್ವಾದಲ್ಲಿ ನೋಟೊಕಾರ್ಡ್ ಇದೆ ಎಂದು ತೋರಿಸುವವರೆಗೆ ಟ್ಯೂನಿಕೇಟ್‌ಗಳನ್ನು ಮೃದ್ವಂಗಿಗಳ ಸಾಲಿನಲ್ಲಿ ಇಡುತ್ತಿದ್ದರು. ಬೆಳೆದ ಪ್ರಾಣಿಯ ಬಾಟಲಿ ನೋಡಿದರೆ ಅದಕ್ಕೆ ಯಾರನ್ನೂ ದೂರಲಾಗದು: ಒಂದು ಚೀಲ, ಅದರ ಮೇಲೆ ಎರಡು ಮೂತಿ. ಸೆಟ್‌ಗಳಲ್ಲಿ ಬರುವ ಹರ್ಡ್‌ಮೇನಿಯಾ ಅಥವಾ ಸಿಯೋನಾ (ಎರಡೂ ಅಸಿಡಿಯನ್‌ಗಳು) ಬಾಟಲಿಗಳಲ್ಲಿ ಹೆಚ್ಚಿನವು ಇಡಿಯಾಗಿಯೇ ಇರುತ್ತವೆ, ಹೊರಗವಚ ಬಿಟ್ಟು ಬೇರೇನೂ ಕಾಣದು. ಉದ್ದಕ್ಕೆ ಸೀಳಿ ಕಿವಿರಿನ ಜಾಲರಿಯನ್ನೂ ಎಂಡೋಸ್ಟೈಲನ್ನೂ ಬಿಡಿಸಿ ತೋರಿಸಿದ ಸ್ಪೆಸಿಮನ್ ಸಿಕ್ಕರೆ ಅದನ್ನೇ ಕೊಳ್ಳಿ. ಇಡಿಯ ಹತ್ತಕ್ಕಿಂತ ಸೀಳಿದ ಒಂದು ಹೆಚ್ಚು ಕಲಿಸುತ್ತದೆ.

ಲಾರ್ವಾ ಸ್ಲೈಡ್ ಮಾತ್ರ ಇಲ್ಲದಿದ್ದರೆ ಈ ಉಪವಂಶವನ್ನು ಕಲಿಸುವುದೇ ಕಷ್ಟ. ಸಿಯೋನಾದ ಲಾರ್ವಾದಲ್ಲಿ ನೋಟೊಕಾರ್ಡ್‌ಗೆ ಸರಿಯಾಗಿ 40 ಜೀವಕೋಶಗಳು. ಬಾಲದೊಳಗೆ ಅವುಗಳ ಸಾಲು. ಆದರೆ ಹಂತ ಯಾವುದು ಎನ್ನುವುದರ ಮೇಲೆ ಕಾಣುವ ಚಿತ್ರ ಬದಲಾಗುತ್ತದೆ. ಮೊಟ್ಟೆಯೊಡೆಯುವ ಮೊದಲಿನ ಬಾಲಭ್ರೂಣದಲ್ಲಿ ಜೀವಕೋಶಗಳು ಪೇರಿಸಿಟ್ಟ ನಾಣ್ಯಗಳಂತೆ ಒಂದರ ಹಿಂದೆ ಒಂದು ನಿಂತಿರುತ್ತವೆ. ಮುಂದೆ ಅವುಗಳ ನಡುವೆ ದ್ರವ ತುಂಬಿದ ಪೊಳ್ಳುಗಳು ಹುಟ್ಟಿ ಒಂದಾಗಿ, ನೋಟೊಕಾರ್ಡ್ ಒಂದು ಕೊಳವೆಯಾಗುತ್ತದೆ. ಈಜುವ ಲಾರ್ವಾದ ಸ್ಲೈಡ್‌ನಲ್ಲಿ ನಾಣ್ಯದ ಸಾಲು ಹುಡುಕಿ ಸಿಗಲಿಲ್ಲವೆಂದು ಸ್ಲೈಡನ್ನು ದೂರಬಾರದು. ದೂರಬೇಕಾದದ್ದು ಬೇರೆ ಒಂದಕ್ಕೆ: ರೂಪಾಂತರ ಶುರುವಾಗಿ ಬಾಲ ಕುಗ್ಗತೊಡಗಿದ ಲಾರ್ವಾವನ್ನು "ಈಜುವ ಲಾರ್ವಾ" ಎಂದು ಕಳಿಸುವುದು. ಬಾಲ ನೇರವಾಗಿ ಚಾಚಿರಬೇಕು, ತಲೆಯ ಮುಂದೆ ಅಂಟಿಕೊಳ್ಳುವ ಮೂರು ಮೊಗ್ಗುಗಳು ಇರಬೇಕು, ಮಿದುಳಿನ ಗುಳ್ಳೆಯಲ್ಲಿ ಎರಡು ಕಪ್ಪು ಚುಕ್ಕಿ (ಒಂದು ಸಮತೋಲಕ್ಕೆ, ಒಂದು ಬೆಳಕಿಗೆ) ಕಾಣಬೇಕು.

ತೇಲಾಡುವ ಟ್ಯೂನಿಕೇಟ್‌ಗಳಾದ ಡೋಲಿಯೋಲಮ್ ಮತ್ತು ಸಾಲ್ಪಾ ಸ್ಲೈಡ್‌ಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಮೈ ಪಾರದರ್ಶಕವಾದ್ದರಿಂದ ಹಾಳುಮಾಡುವುದು ಕಷ್ಟ. ಡೋಲಿಯೋಲಮ್‌ನ ಸ್ನಾಯುಪಟ್ಟಿ ಪೂರ್ತಿ ಉಂಗುರ, ಸಾಲ್ಪಾದ್ದು ಕೆಳಬದಿಯಲ್ಲಿ ಬಿಟ್ಟುಕೊಂಡಿರುತ್ತದೆ. ಸಾಧ್ಯವಿದ್ದರೆ ಓಯಿಕೊಪ್ಲೂರಾ ಒಂದನ್ನು ಸೇರಿಸಿಕೊಳ್ಳಿ. ಜೀವನವಿಡೀ ಬಾಲವನ್ನೂ ನೋಟೊಕಾರ್ಡನ್ನೂ ಉಳಿಸಿಕೊಳ್ಳುವ ಟ್ಯೂನಿಕೇಟ್ ಅದು, ಸೆಟ್‌ಗಳಲ್ಲಿ ಅಪರೂಪ.

ಬ್ಯಾಲನೊಗ್ಲಾಸಸ್ ಇರಲಿ, ಲೇಬಲ್ ಬದಲಾಗಲಿ

ಬಹುತೇಕ ಪೆಟ್ಟಿಗೆಗಳಲ್ಲಿ ಬ್ಯಾಲನೊಗ್ಲಾಸಸ್ ಎಂಬ ಹುಳುವಿನಂಥ ಕಡಲಪ್ರಾಣಿಯ ಬಾಟಲಿಯೂ ಅದರ ಸೊಂಡಿಲು ಮತ್ತು ಕೊರಳಪಟ್ಟಿಯ ಛೇದಗಳೂ ಇರುತ್ತವೆ, ಲೇಬಲ್ ಮೇಲೆ "ಕಾರ್ಡೇಟಾ, ಉಪವಂಶ ಹೆಮಿಕಾರ್ಡೇಟಾ" ಎಂದಿರುತ್ತದೆ. ವಿಲಿಯಂ ಬೇಟ್ಸನ್ 1880ರ ದಶಕದಲ್ಲಿ ಮಾಡಿದ ವರ್ಗೀಕರಣ ಇದು. ಸೊಂಡಿಲಿನ ಬುಡದಲ್ಲಿರುವ ಸ್ಟೊಮೊಕಾರ್ಡ್ ಬಾಯಿಕುಳಿಯಿಂದ ಮುಂದಕ್ಕೆ ಚಾಚಿದ ಒಂದು ಚೀಲ. ಅದನ್ನು ನೋಟೊಕಾರ್ಡ್ ಎಂದು ಇಂದು ಒಪ್ಪುವುದಿಲ್ಲ. ಹೆಮಿಕಾರ್ಡೇಟಾ ಸ್ವತಂತ್ರ ವಂಶ, ಅದರ ಹತ್ತಿರದ ನೆಂಟರು ನಕ್ಷತ್ರಮೀನು ಸೇರಿದ ಕಂಟಕಚರ್ಮಿಗಳು. ಆದರೂ ಈ ಸ್ಲೈಡ್‌ಗಳನ್ನು ಪೆಟ್ಟಿಗೆಯಿಂದ ತೆಗೆಯಬೇಡಿ. ಇದರಲ್ಲೂ ಕಿವಿರು ಸೀಳುಗಳಿವೆ. ಕಿವಿರು ಸೀಳು ಇದ್ದ ಮಾತ್ರಕ್ಕೆ ಕಾರ್ಡೇಟ್ ಆಗುವುದಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ.

ಲ್ಯಾಂಪ್ರೆ ಲಾರ್ವಾ ಮತ್ತು ಕೋಳಿಭ್ರೂಣ

ದವಡೆಯಿಲ್ಲದ ಮೀನಾದ ಲ್ಯಾಂಪ್ರೆಯ ಅಮ್ಮೊಸೀಟ್ ಎಂಬ ಲಾರ್ವಾವನ್ನು ಮೊದಲು ಬೇರೆಯೇ ಪ್ರಾಣಿ ಎಂದು ತಿಳಿದಿದ್ದರು. ಅದು ಲ್ಯಾಂಪ್ರೆಯ ಮರಿ ಎಂದು ಆಗಸ್ಟ್ ಮ್ಯುಲರ್ 1856ರಲ್ಲಿ ತೋರಿಸಿದರು. ಕಶೇರುಕಗಳ ಕಡೆಯಿಂದ ಒಂದೇ ಸ್ಲೈಡ್ ಆರಿಸಿ ಎಂದರೆ ನಮ್ಮ ಆಯ್ಕೆ ಅಮ್ಮೊಸೀಟ್‌ನ ಗಂಟಲಕುಳಿಯ ಟಿ.ಎಸ್. ಆಂಫಿಯಾಕ್ಸಸ್ ಸ್ಲೈಡ್ ಪಕ್ಕದಲ್ಲಿ ಇಟ್ಟು ನೋಡಿದರೆ ವಿನ್ಯಾಸ ಹೇಗೆ ಉಳಿದಿದೆ, ಏನು ಹೊಸದಾಗಿ ಬಂದಿದೆ ಎರಡೂ ಒಟ್ಟಿಗೆ ಗೊತ್ತಾಗುತ್ತವೆ. ಏಟ್ರಿಯಂ ಇಲ್ಲ, ಕಿವಿರಿನಲ್ಲಿ ರಕ್ತನಾಳ ತುಂಬಿದ ಎಳೆಗಳಿವೆ, ಗಂಟಲಕುಳಿಯ ಕೆಳಗೆ ಎಂಡೋಸ್ಟೈಲ್ ಸುರುಳಿ ಸುತ್ತಿಕೊಂಡ ಗ್ರಂಥಿಯಾಗಿದೆ. ರೂಪಾಂತರದ ನಂತರ ಥೈರಾಯ್ಡ್ ಹುಟ್ಟುವುದು ಈ ಗ್ರಂಥಿಯಿಂದಲೇ. ಎಂಡೋಸ್ಟೈಲ್‌ಗೂ ಥೈರಾಯ್ಡ್‌ಗೂ ಇರುವ ನಂಟನ್ನು ಕಣ್ಣಾರೆ ತೋರಿಸುವ ವಸ್ತು ಇನ್ನೊಂದು ಇಲ್ಲ. ದುರದೃಷ್ಟವೆಂದರೆ ಸೆಟ್‌ಗಳಲ್ಲಿ ಬೆಳೆದ ಲ್ಯಾಂಪ್ರೆಯ ಬಾಟಲಿ ತಪ್ಪದೆ ಇರುತ್ತದೆ, ಲಾರ್ವಾ ಸ್ಲೈಡ್ ಅನೇಕ ಸಲ ಇರುವುದಿಲ್ಲ. ಬೇರೆಯಾಗಿ ತರಿಸಿಕೊಳ್ಳಿ.

ಕೋಳಿಭ್ರೂಣದ ಸ್ಲೈಡ್‌ಗಳಿಗೆ ಲೇಬಲ್ ಹಾಕುವ ರೀತಿಯೇ ತಪ್ಪು. "24 ಗಂಟೆ, 33 ಗಂಟೆ, 48 ಗಂಟೆ, 72 ಗಂಟೆ" ಎಂದು ಬರೆದಿರುತ್ತಾರೆ. ಕಾವಿನ ಉಷ್ಣತೆ ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೆ, ಮೊಟ್ಟೆಯನ್ನು ಕಾವಿಗಿಡುವ ಮೊದಲು ತಂಪಿನಲ್ಲಿ ಹೆಚ್ಚು ದಿನ ಇಟ್ಟಿದ್ದರೆ, ಅದೇ ಗಂಟೆಯ ಭ್ರೂಣ ಬೇರೆ ಹಂತದಲ್ಲಿರುತ್ತದೆ. 1951ರಲ್ಲಿ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಭ್ರೂಣದ ಬೆಳವಣಿಗೆಯನ್ನು 46 ಹಂತಗಳಾಗಿ ವಿಂಗಡಿಸಿದ್ದು ಇದಕ್ಕೇ. ಮೊದಲ ದಿನಗಳಲ್ಲಿ ಹಂತ ಗುರುತಿಸಲು ಸೊಮೈಟ್ (ನರಕೊಳವೆಯ ಇಕ್ಕೆಲದಲ್ಲಿ ಸಾಲಾಗಿರುವ ಅಂಗಾಂಶದ ತುಂಡು) ಜೋಡಿಗಳ ಲೆಕ್ಕವೇ ಆಧಾರ. ನಾಲ್ಕು ಜೋಡಿ ಇದ್ದರೆ 8ನೆಯ ಹಂತ, ಹತ್ತು ಇದ್ದರೆ 10ನೆಯದು, ಹದಿಮೂರಿದ್ದರೆ 11ನೆಯದು. ಸ್ಲೈಡ್ ಬಂದ ದಿನವೇ 4xನಲ್ಲಿ ಸೊಮೈಟ್ ಎಣಿಸಿ ಲೇಬಲ್ ಮೇಲೆ ಬರೆದಿಡುವುದು ಒಳ್ಳೆಯದು. "33 ಗಂಟೆ" ಎಂದ ಸ್ಲೈಡ್‌ನಲ್ಲಿ ಏಳೇ ಜೋಡಿ ಸಿಕ್ಕರೆ ಸ್ಲೈಡ್ ಕೆಟ್ಟದ್ದೇನಲ್ಲ, ಆದರೆ ಪಾಠದಲ್ಲಿ ಬೇಕಾದ ಹೃದಯದ ಬಾಗು, ಮಿದುಳಿನ ಗುಳ್ಳೆಗಳು ಅದರಲ್ಲಿ ಇನ್ನೂ ಬಂದಿರುವುದಿಲ್ಲ.

ಹತ್ತರಿಂದ ಹದಿಮೂರು ಸೊಮೈಟ್‌ನ ಹೋಲ್ ಮೌಂಟ್ ಒಂದು, ಅದೇ ಹಂತದ ಟಿ.ಎಸ್. ಒಂದು ಇದ್ದರೆ ನರಕೊಳವೆ ಮಡಚಿ ಮುಚ್ಚುವುದನ್ನೂ ಅದರ ಕೆಳಗೆ ಸಣ್ಣ ಚುಕ್ಕಿಯಂಥ ನೋಟೊಕಾರ್ಡನ್ನೂ ತೋರಿಸಬಹುದು. ಆಂಫಿಯಾಕ್ಸಸ್‌ನಲ್ಲಿ ನರಹುರಿಗಿಂತ ದೊಡ್ಡದಿದ್ದ ನೋಟೊಕಾರ್ಡ್ ಇಲ್ಲಿ ನರಕೊಳವೆಗಿಂತ ಎಷ್ಟೋ ಚಿಕ್ಕದು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ನರಕೊಳವೆಯನ್ನೇ ನೋಟೊಕಾರ್ಡ್ ಎಂದು ಬರೆಯುತ್ತಾರೆ. 72 ಗಂಟೆಯ ಭ್ರೂಣದಲ್ಲಿ ಗಂಟಲಕುಳಿಯ ಕಮಾನುಗಳು ಮತ್ತು ಅವುಗಳ ನಡುವಿನ ತೋಡುಗಳು, ಬಾಲಮೊಗ್ಗು, ಕೈಕಾಲಿನ ಮೊಗ್ಗು ಎಲ್ಲ ಇರುತ್ತವೆ. ಆದರೆ ಹೋಲ್ ಮೌಂಟ್ ದಪ್ಪವಾದ್ದರಿಂದ ಬಣ್ಣ ತೆಳುವಾಗಿದ್ದಷ್ಟೂ ಒಳ್ಳೆಯದು. ತಲೆಭಾಗ ಕಡುಗೆಂಪಾಗಿ ಬೆಳಕೇ ಹಾಯದಂತಿದ್ದರೆ ಬಣ್ಣ ಹಾಕಿದ ಮೇಲೆ ಆಮ್ಲ ಬೆರೆತ ಆಲ್ಕೊಹಾಲ್‌ನಲ್ಲಿ ತೊಳೆದದ್ದು ಸಾಲದು ಎಂದರ್ಥ. ಅದನ್ನು ಬದಲಿಸಿ ಕೇಳುವ ಹಕ್ಕು ನಿಮಗಿದೆ.

ಕಪ್ಪೆಯ ಬೆಳವಣಿಗೆಯ ಸರಣಿ ರೆಸಿನ್ ಬ್ಲಾಕ್‌ನಲ್ಲೂ ಸ್ಲೈಡ್‌ನಲ್ಲೂ ಬರುತ್ತದೆ. ಬ್ಲಾಕ್ ನೋಡಲು ಚಂದ, ಗೊದಮೊಟ್ಟೆಯಿಂದ ಕಪ್ಪೆಯವರೆಗಿನ ಹೊರರೂಪಕ್ಕೆ ಅಷ್ಟು ಸಾಕು. ಛೇದಗಳಲ್ಲಿ ಮಾತ್ರ ಜಾಗ್ರತೆ ಬೇಕು: ಭಂಡಾರ (ಮೊಟ್ಟೆಯೊಳಗಿನ ಆಹಾರದ ಸಂಗ್ರಹ) ತುಂಬಿದ ಕಪ್ಪೆಯ ಮೊಟ್ಟೆ ಮೇಣದಲ್ಲಿ ಗಡುಸಾಗಿ, ಕತ್ತರಿಸುವಾಗ ಬಿರುಕು ಬಿಡುತ್ತದೆ. ಆ ಬಿರುಕನ್ನು ಬ್ಲಾಸ್ಟೊಸೀಲ್ (ಎಳೆಯ ಭ್ರೂಣದೊಳಗಿನ ಕುಳಿ) ಎಂದು ಓದಿಕೊಳ್ಳುವ ಅಪಾಯವಿದೆ. ನಿಜವಾದ ಕುಳಿಯ ಅಂಚಿನಲ್ಲಿ ಜೀವಕೋಶಗಳು ಇಡಿಯಾಗಿ, ನಯವಾಗಿ ಸಾಲುಗಟ್ಟಿರುತ್ತವೆ; ಬಿರುಕಿನ ಅಂಚು ಹರಕಾಗಿದ್ದು ಎದುರುಬದುರು ಒಂದಕ್ಕೊಂದು ಕೂಡಿಕೊಳ್ಳುವಂತಿರುತ್ತದೆ.

ಬಾಟಲಿಗಳು, ಬ್ಲಾಕ್‌ಗಳು

ಕಡಲ್ಗುದುರೆ, ಹಾರುಮೀನು, ಚಪ್ಪಟೆಮೀನು, ಬಾವಲಿ... ಈ ಆಯ್ಕೆಯ ಹಿಂದೆ ಪಾಠಕ್ಕಿಂತ ಪ್ರದರ್ಶನದ ಯೋಚನೆ ಹೆಚ್ಚು. ವರ್ಗೀಕರಣಕ್ಕೆ ನಿಜವಾಗಿ ಬೇಕಾದವು ಬೇರೆ. ಐದು ಕಿವಿರು ಸೀಳು ಬರಿಗಣ್ಣಿಗೆ ಎಣಿಸಲು ಸಿಗುವ ಶಾರ್ಕ್ ಮರಿ, ಅದೇ ಸೀಳುಗಳು ಹೊಟ್ಟೆಯ ಕಡೆಗೆ ಸರಿದಿರುವ ತೊರಕೆ ಮೀನು, ಕಿವಿರು ಮುಚ್ಚಳವನ್ನು ಒಂದು ಕಡೆ ಕತ್ತರಿಸಿ ತೆಗೆದ ಮೂಳೆಮೀನು: ಈ ಮೂರು ಪಕ್ಕಪಕ್ಕ ಇದ್ದರೆ ಮೃದ್ವಸ್ಥಿ ಮೀನಿಗೂ ಮೂಳೆಮೀನಿಗೂ ಇರುವ ವ್ಯತ್ಯಾಸ ಹೇಳಲು ಮಾತೇ ಬೇಡ. ಜೊತೆಗೆ ಒಂದು ಸಲಮಾಂಡರ್ ಮತ್ತು ಒಂದು ಹಲ್ಲಿ ಇರಲಿ. ಆಕಾರ ಒಂದೇ, ಹಲ್ಲಿಗೆ ಹುರುಪೆ ಮತ್ತು ಉಗುರು ಇವೆ, ಸಲಮಾಂಡರ್‌ಗೆ ಎರಡೂ ಇಲ್ಲ. ಕಾಲಿಲ್ಲದ ಉಭಯಚರವಾದ ಸಿಸಿಲಿಯನ್ ಇದ್ದರೆ ಹಾವಿನ ಪಕ್ಕದಲ್ಲಿಡಿ: ಮೈಮೇಲೆ ಉಂಗುರದಂಥ ಗೆರೆಗಳು, ಹಾವಿನಂತೆ ಹೊರಗೆ ಹುರುಪೆಯ ಸಾಲಿಲ್ಲ, ಬಾಲ ಇಲ್ಲವೆನ್ನುವಷ್ಟು ಚಿಕ್ಕದು. ಕಡಲ್ಗುದುರೆಯ ಎಲ್ಲ ಪ್ರಭೇದಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಅದು ಪಾಠಕ್ಕೆ ಅನಿವಾರ್ಯವೂ ಅಲ್ಲ. ಮೂಲದ ದಾಖಲೆ ಕೊಡದಿದ್ದರೆ ಕೊಳ್ಳಬಾರದು.

ಬಾಟಲಿ ಕೈಗೆ ಬಂದಾಗ ಮೊದಲು ಮುಚ್ಚಳ ಭದ್ರವಿದೆಯೇ ಎಂದು ತಲೆಕೆಳಗಾಗಿ ಹಿಡಿದು ನೋಡಿ. ಆಮೇಲೆ ಹೊಟ್ಟೆ. ದ್ರವದಲ್ಲಿ ಮುಳುಗಿಸುವ ಮೊದಲು ಹೊಟ್ಟೆಯೊಳಕ್ಕೆ ಫಾರ್ಮಲಿನ್ ಚುಚ್ಚಿರಬೇಕು, ಇಲ್ಲವೇ ಸಣ್ಣ ಸೀಳು ಕೊಟ್ಟಿರಬೇಕು. ಹಾಗೆ ಮಾಡದಿದ್ದರೆ ಹೊರಮೈ ಗಟ್ಟಿಯಾಗಿ, ಕರುಳು ಒಳಗೇ ಕೊಳೆತು, ಹೊಟ್ಟೆ ಉಬ್ಬಿ ದ್ರವ ಕಂದುಬಣ್ಣಕ್ಕೆ ತಿರುಗುತ್ತದೆ. ಬರೀ ಹಳದಿ ಬಣ್ಣ ಇಳಿದಿದ್ದರೆ ಅದು ಹೆಚ್ಚಾಗಿ ಕೊಬ್ಬು ಕರಗಿದ್ದು, ದ್ರವ ಬದಲಿಸಿದರೆ ಸಾಕು. ಎಲುಬು ಮುಖ್ಯವಾದ ಸ್ಪೆಸಿಮನ್ ಬಫರ್ ಇಲ್ಲದ ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ಕೂತಿದ್ದರೆ ಅದರಲ್ಲಿ ಹುಟ್ಟುವ ಫಾರ್ಮಿಕ್ ಆಮ್ಲ ಎಲುಬಿನ ಸುಣ್ಣವನ್ನು ತಿಂದಿರುತ್ತದೆ.

ಫಾರ್ಮಲಿನ್‌ನಲ್ಲೇ ಮಾರುವ ಸೆಟ್‌ಗಿಂತ 70 ಪ್ರತಿಶತ ಆಲ್ಕೊಹಾಲ್‌ಗೆ ವರ್ಗಾಯಿಸಿದ ಸೆಟ್ ಮೇಲು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ದಿನವೂ ಬಾಟಲಿ ತೆರೆಯುವ ಲ್ಯಾಬ್‌ನಲ್ಲಿ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೀವೇ ವರ್ಗಾಯಿಸುವುದಾದರೆ ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿ, ಸ್ಪೆಸಿಮನ್ನನ್ನು ಒಂದೆರಡು ದಿನ ನೀರು ಬದಲಿಸುತ್ತ ನೆನೆಸಿಡಿ. ಬಳಿಕ 30, 50, 70 ಪ್ರತಿಶತ ಆಲ್ಕೊಹಾಲ್‌ಗಳಲ್ಲಿ ಹಂತಹಂತವಾಗಿ ಸಾಗಿಸಿ. ನೇರವಾಗಿ 70ಕ್ಕೆ ಹಾಕಿದರೆ ಮೃದು ಅಂಗಗಳು ಸುಕ್ಕುಗಟ್ಟುತ್ತವೆ. 95 ಪ್ರತಿಶತದ ಆಲ್ಕೊಹಾಲ್‌ನಿಂದ 70 ಮಾಡಲು 70 ಮಿಲಿಲೀಟರ್ ಅಳೆದು, ಒಟ್ಟು 95 ಮಿಲಿಲೀಟರ್ ಆಗುವಷ್ಟು ನೀರು ಸೇರಿಸಿ. ಬಾಟಲಿಯಲ್ಲಿ ಮಟ್ಟ ಇಳಿದಾಗ ನೀರಿಗಿಂತ ಆಲ್ಕೊಹಾಲ್ ಬೇಗ ಆವಿಯಾಗಿರುತ್ತದೆ ಎಂಬುದನ್ನು ಮರೆಯಬಾರದು. ಉಳಿದ ದ್ರವ 70ಕ್ಕಿಂತ ತೆಳುವಾಗಿರುತ್ತದೆ, ಮೇಲೆ ಮತ್ತೆ ಮತ್ತೆ 70 ಸುರಿದರೂ ಆ ಬಲಕ್ಕೆ ಮರಳುವುದಿಲ್ಲ. ಆಲ್ಕೊಹಾಲ್ ಮಾಪಕದಲ್ಲಿ ಅಳೆದು ಸರಿಪಡಿಸಿ, ಇಲ್ಲವೇ ಪೂರ್ತಿ ಬದಲಿಸಿ.

ರೆಸಿನ್ ಬ್ಲಾಕ್‌ನಲ್ಲಿ ವಾಸನೆ ಇಲ್ಲ, ಒಡೆಯುವ ಭಯವಿಲ್ಲ, ಚಿಕ್ಕ ಮಕ್ಕಳ ಕೈಗೂ ಕೊಡಬಹುದು. ಆ ಮಟ್ಟಿಗೆ ಬಾಟಲಿಗಿಂತ ನಮಗೆ ಇವೇ ಇಷ್ಟ. ನೋಡಬೇಕಾದ ದೋಷ ಒಂದೇ: ಸ್ಪೆಸಿಮನ್‌ನ ಮೈಯಿಂದ ರೆಸಿನ್ ಬಿಟ್ಟುಕೊಂಡ ಕಡೆ ಬೆಳ್ಳಿಯಂಥ ಹೊಳಪು. ಓರೆಯಾಗಿ ಹಿಡಿದರೆ ಅದು ಕನ್ನಡಿಯಂತೆ ಹೊಳೆದು ಒಳಗಿನ ವಿವರವನ್ನು ಮುಚ್ಚುತ್ತದೆ. ಕಿವಿರು, ಬಾಯಿ, ಬೆರಳಸಂದಿಗಳಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಹೆಚ್ಚಾದ್ದರಿಂದ ಅಲ್ಲೇ ಪರೀಕ್ಷಿಸಿ. ಬಿಸಿಲಿಗೆ ಇಟ್ಟರೆ ಬ್ಲಾಕ್ ಹಳದಿಯಾಗುತ್ತದೆ. ಸ್ಪಿರಿಟ್, ಅಸಿಟೋನ್ ತಾಗಿಸದೆ ಸೋಪುನೀರಿನಲ್ಲಿ ಒರೆಸಿ.

ಮೂಳೆಗಳು ಮತ್ತು ಚಾರ್ಟ್

ಬಿಡಿ ಬೆನ್ನುಮೂಳೆಗಳ ಸೆಟ್ ನಿಜದ್ದಾಗಿದ್ದರೆ ಮಾತ್ರ ಕೊಳ್ಳಿ. ಎರಡೂ ಬದಿ ಒಳಬಾಗಿದ ಮೀನಿನ ಮೂಳೆ, ಮುಂಬದಿ ಮಾತ್ರ ಒಳಬಾಗಿದ ಕಪ್ಪೆಯ ಮೂಳೆ, ತಡಿಯಾಕಾರದ ಮುಖವಿರುವ ಹಕ್ಕಿಯ ಕೊರಳಮೂಳೆ, ಚಪ್ಪಟೆ ಮುಖದ ಸಸ್ತನಿ ಮೂಳೆ: ಇವುಗಳ ಮುಖದ ಬಾಗು ಅಗ್ಗದ ಪ್ಲಾಸ್ಟಿಕ್ ಅಚ್ಚಿನಲ್ಲಿ ಮೊದಲು ಅಳಿಯುತ್ತದೆ, ಬಾಗು ಹೋದ ಮೇಲೆ ಅದರಲ್ಲಿ ಕಲಿಯಲು ಏನೂ ಉಳಿಯುವುದಿಲ್ಲ. ಸಸ್ತನಿಯ ಎರಡು ಮೂಳೆಗಳನ್ನು ನಡುವಿನ ಬಿಲ್ಲೆಯೊಂದಿಗೆ ಉದ್ದಕ್ಕೆ ಸೀಳಿದ ತುಂಡು ಸಿಕ್ಕರೆ ಬಿಡಬೇಡಿ. ಬಿಲ್ಲೆಯ ನಡುವಿನ ಮೆತ್ತನೆಯ ತಿರುಳಿನ ಮೂಲ ಭ್ರೂಣದ ನೋಟೊಕಾರ್ಡ್. ತಲೆಬುರುಡೆಗಳಲ್ಲಿ ಹಿಂಭಾಗ ನೋಡಿ: ಕಪ್ಪೆಗೂ ಸಸ್ತನಿಗೂ ಬೆನ್ನುಮೂಳೆಗೆ ಕೂಡುವ ಗುಬುಟು ಎರಡು, ಸರೀಸೃಪಕ್ಕೂ ಹಕ್ಕಿಗೂ ಒಂದೇ.

ಚಾರ್ಟ್ ಈ ಸೆಟ್‌ನ ಅತಿ ದುರ್ಬಲ ಭಾಗ. ಸಾಮಾನ್ಯವಾಗಿ ಏಣಿಯಂತೆ ಬರೆದಿರುತ್ತಾರೆ: ಹೆಮಿಕಾರ್ಡೇಟಾ, ಟ್ಯೂನಿಕೇಟ್, ಆಂಫಿಯಾಕ್ಸಸ್, ಕಶೇರುಕ. 2006ರಿಂದೀಚೆಗೆ ಜೀನೋಮ್ ಹೋಲಿಕೆಗಳು ಕಶೇರುಕಗಳಿಗೆ ಹತ್ತಿರದ ನೆಂಟರು ಟ್ಯೂನಿಕೇಟ್‌ಗಳೇ, ಆಂಫಿಯಾಕ್ಸಸ್ ಮೊದಲೇ ಕವಲೊಡೆದ ಶಾಖೆ ಎಂದು ತೋರಿಸಿವೆ. "ವರ್ಗ ಪಿಸೀಸ್" ಎಂಬ ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಮೀನುಗಳನ್ನು ತುರುಕುವುದೂ ಸರಿಯಲ್ಲ. ಶ್ವಾಸಕೋಶ ಮೀನಿಗೆ ಶಾರ್ಕ್‌ಗಿಂತ ಕಪ್ಪೆ ಹತ್ತಿರ. ಮೊಸಳೆಗೆ ಹಲ್ಲಿಗಿಂತ ಹಕ್ಕಿ ಹತ್ತಿರ, ಹಾಗಾಗಿ ಸರೀಸೃಪ ವರ್ಗದಿಂದ ಹಕ್ಕಿಯನ್ನು ಹೊರಗಿಟ್ಟ ಗೆರೆಯೂ ನಿಲ್ಲುವುದಿಲ್ಲ. ಹಳೆಯ ಚಾರ್ಟ್‌ನ ಎಲ್ಲವೂ ತಪ್ಪೇನಲ್ಲ. ಲ್ಯಾಂಪ್ರೆ ಮತ್ತು ಹ್ಯಾಗ್‌ಫಿಶ್‌ಗಳನ್ನು ಸೈಕ್ಲೊಸ್ಟೊಮೇಟಾ ಎಂದು ಒಟ್ಟಿಗೆ ಇಟ್ಟಿದ್ದನ್ನು ಕೆಲಕಾಲ ಬಿಟ್ಟಿದ್ದರು, ಈಗ ಅಣುಮಟ್ಟದ ಸಾಕ್ಷ್ಯ ಅದನ್ನೇ ಬೆಂಬಲಿಸುತ್ತಿದೆ. ಪಠ್ಯಕ್ರಮ ಹಳೆಯ ಕ್ರಮವನ್ನೇ ಕೇಳುತ್ತಿದ್ದರೆ ಚಾರ್ಟನ್ನು ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಕವಲುಮರದ ಚಿತ್ರವೊಂದನ್ನು ಕೈಯಲ್ಲೇ ಬರೆದು ಹಾಕಿ. ಆ ಚಿತ್ರದಲ್ಲಿ ಪ್ರಮಾಣವೂ ಕಾಣಲಿ: ಆಂಫಿಯಾಕ್ಸಸ್ ಗುಂಪಿನಲ್ಲಿ ಸುಮಾರು 30 ಪ್ರಭೇದ, ಟ್ಯೂನಿಕೇಟ್‌ಗಳಲ್ಲಿ ಸುಮಾರು 3,000, ಕಶೇರುಕಗಳಲ್ಲಿ ಸುಮಾರು 70,000, ಅದರಲ್ಲಿ ಅರ್ಧದಷ್ಟು ಮೂಳೆಮೀನುಗಳು.

ಹಣ ಕಡಿಮೆ ಇದ್ದರೆ

ಇಡೀ ಸೆಟ್ ಬೇಡ. ಆಂಫಿಯಾಕ್ಸಸ್‌ನ ಗಂಟಲಕುಳಿ ಮತ್ತು ಗುದದಾಚೆಗಿನ ಬಾಲ, ಎರಡು ಟಿ.ಎಸ್.; ಅಸಿಡಿಯನ್ ಲಾರ್ವಾ; ಅಮ್ಮೊಸೀಟ್ ಟಿ.ಎಸ್.; ಹತ್ತು-ಹದಿಮೂರು ಸೊಮೈಟ್‌ನ ಕೋಳಿಭ್ರೂಣದ ಹೋಲ್ ಮೌಂಟ್ ಮತ್ತು ಟಿ.ಎಸ್. ಈ ಆರು ಸ್ಲೈಡ್ ಬಿಡಿಯಾಗಿ ತರಿಸಿ, ಬಾಟಲಿಗಳನ್ನು ಒಂದೊಂದಾಗಿ ಆಮೇಲೆ ಸೇರಿಸಿಕೊಳ್ಳಿ. ಆರ್ಡರ್ ಕೊಡುವಾಗ ಪ್ರಭೇದದ ಹೆಸರು, ಛೇದದ ದಪ್ಪ, ಬಣ್ಣ, ಮೌಂಟ್ ಮಾಡಿದ ಮಾಧ್ಯಮ ನಾಲ್ಕನ್ನೂ ಲಿಖಿತವಾಗಿ ಕೇಳಿ. ಮರದ ಅಂಟಾದ ಕೆನಡಾ ಬಾಲ್ಸಮ್ ಕಾಲ ಕಳೆದಂತೆ ಹಳದಿಯಾಗಿ ಆಮ್ಲೀಯವಾಗುತ್ತದೆ, ಬಣ್ಣ ಮಾಸುತ್ತದೆ. ಕೃತಕ ಅಂಟಾದ ಡಿಪಿಎಕ್ಸ್ ಹಳದಿಯಾಗುವುದಿಲ್ಲ, ಆದರೆ ಒಣಗುವಾಗ ಕುಗ್ಗಿ ಕವರ್‌ಸ್ಲಿಪ್‌ನ ಅಂಚಿನಿಂದ ಗಾಳಿ ಒಳನುಗ್ಗುತ್ತದೆ. ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಅದೇ ಜಾಗದಲ್ಲಿ ಒಂದು ಹನಿ ಡಿಪಿಎಕ್ಸ್ ಇಟ್ಟರೆ ತಾನೇ ಒಳಕ್ಕೆ ಹರಿದು ತುಂಬಿಕೊಳ್ಳುತ್ತದೆ. ಗುಳ್ಳೆ ಛೇದದ ಮೇಲೆ ಬರುವವರೆಗೆ ಕಾದರೆ ಸ್ಲೈಡನ್ನು ಜೈಲೀನ್‌ನಲ್ಲಿ ದಿನಗಟ್ಟಲೆ ನೆನೆಸಿ ಕವರ್‌ಸ್ಲಿಪ್ ಬಿಡಿಸಿ ಮತ್ತೆ ಮೌಂಟ್ ಮಾಡಬೇಕಾಗುತ್ತದೆ. ಹೊಸ ಹೋಲ್ ಮೌಂಟ್‌ಗಳ ಒಳಗಿನ ಮಾಧ್ಯಮ ಗಟ್ಟಿಯಾಗಲು ತಿಂಗಳುಗಳು ಹಿಡಿಯುವುದರಿಂದ ಅವನ್ನು ಮೊದಲ ಕೆಲವು ತಿಂಗಳು ಮಲಗಿಸಿಯೇ ಇಡಿ. ನಿಲ್ಲಿಸಿಟ್ಟರೆ ಭ್ರೂಣ ನಿಧಾನವಾಗಿ ಜಾರಿ ಕವರ್‌ಸ್ಲಿಪ್‌ನ ಕೆಳ ಅಂಚಿಗೆ ಸೇರುತ್ತದೆ.